ಮುಖದ ಅಳತೆ

ವರ್ಷಕ್ಕೊಮ್ಮೆಯಾದರೂ ತೆಕ್ಕಟ್ಟೆಯ ಅಕ್ಕನ ಮನೆಗೆ ಹೋಗಿ ಬಾರದಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಉಡುಪಿಯ ಕಡೆಯಿಂದ ಬರುವವರಿಗೆ ಕೋಟವನ್ನು ದಾಟಿದ ಮೇಲೆ, ಕುಂಭಾಶಿಯನ್ನು ಮುಟ್ಟುವ ಮೊದಲು, ಹೆದ್ದಾರಿಯ ಮೇಲೆಯೇ ಸಿಗುವ ಊರು ಅದು. ಪಡುವಲಿಗೆ ಕಡಲು, ಮೂಡಲಿಗೆ ಗದ್ದೆ, ತೋಟ. ಸುಗ್ಗಿಯ ದಿನಗಳಲ್ಲಿ ಗಾಳಿ ಅನುಕೂಲವಾಗಿ ಬೀಸಿದರೆ ರಾತ್ರಿ ಯಾವುದೋ ಬಯಲಿನಿಂದ ಯಕ್ಷಗಾನದ ಚೆಂಡೆಯ ಪೆಟ್ಟು ಹಾಸಿಗೆಯವರೆಗೂ ಬರುತ್ತದೆ. ಈ ಸಲ ನಾನು ಹೋದದ್ದು ಅಕ್ಕನ ಮಗಳ ಮದುವೆಯ ಮಾತುಕತೆಗೆಂದು. ಮನೆಯವರೆಲ್ಲ ಅವಳನ್ನು ‘ಗಿಣಿ’ ಎಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ ಉದ್ಯೋಗ, ಇಪ್ಪತ್ತಾರರ ವಯಸ್ಸು. ಮಾತು ಕಡಿಮೆ, ಮನಸ್ಸು ಗಟ್ಟಿ.

ಕಾಲು ತೊಳೆದು ಒಳಗೆ ಬರುವ ಮೊದಲೇ ಅಕ್ಕ ದೂರು ತೆಗೆದಳು.

“ಗದ್ದ ಕಟ್ಟಿಸ್ಕಂತ್ ಅಂಬ್ರ್ ಕಾಣ್, ಮಾರಾಯ! ದೇವ್ರ್ ಕೊಟ್ಟದ್ದ್ ಸಾಲ ಅಂಬ್ರ್!”

ಕುಂದಾಪುರದ ಕನ್ನಡದಲ್ಲಿ ‘ಅಂಬ್ರ್’ ಎಂಬ ಒಂದೇ ಮಾತಿನಲ್ಲಿ ಎಷ್ಟು ಅಸಮಾಧಾನವನ್ನಾದರೂ ತುಂಬಿಡಬಹುದು. ಗಿಣಿ ಏನೂ ಹೇಳದೆ ತನ್ನ ಮೊಬೈಲನ್ನು ನನ್ನ ಕೈಗಿತ್ತಳು. ಅದರಲ್ಲಿ ಅವಳದೇ ಎರಡು ಚಿತ್ರಗಳು ಪಕ್ಕಪಕ್ಕದಲ್ಲಿದ್ದವು. ಎರಡೂ ಒಂದು ಬದಿಯಿಂದ ತೆಗೆದವು. ಒಂದು ಇಂದಿನ ಮುಖ. ಇನ್ನೊಂದು, ಗದ್ದದೊಳಗೆ ಅವಳ ಎಲುಬಿನ ಅಳತೆಗೆ ತಕ್ಕಂತೆ ಮಾಡಿಸಿದ ಅಚ್ಚೊಂದನ್ನು ಇಟ್ಟ ಮೇಲೆ ಆಗಬಹುದಾದ ಮುಖ. ಇಂತಹ ಅಚ್ಚಿಗೆ ‘ಇಂಪ್ಲಾಂಟ್’ ಎಂದು ಹೆಸರು.

“ಮನೆ ಕಟ್ಟಿಸುವವರು ಮೊದಲು ನಕ್ಷೆ ಬರೆಸುವುದಿಲ್ಲವೆ, ಮಾವ? ಇದೂ ಹಾಗೆಯೇ,” ಎಂದಳು.

ವರನ ಕಡೆಯವರು ಏನಾದರೂ ಹೇಳಿದರೆ ಎಂದು ಕೇಳಿದೆ. ಯಾರೂ ಏನೂ ಹೇಳಿಲ್ಲವಂತೆ. ಹಾಗಿದ್ದರೆ ಇದೇಕೆ ಎಂದು ಕೇಳಲು ಬಾಯಿ ತೆರೆದವನು ಸುಮ್ಮನಾದೆ. ಬಲ್ಲದ ವಿಷಯದಲ್ಲಿ ಬುದ್ಧಿ ಹೇಳುವುದು ಹಿರಿಯರ ದೌರ್ಬಲ್ಯ. ಮೊದಲು ತಿಳಿದುಕೊಳ್ಳುವುದು ಲೇಸು.

ತಿಳಿಸುವವನು ಪಕ್ಕದ ಮನೆಯಲ್ಲಿಯೇ ಇದ್ದ. ನೆರೆಮನೆಯ ಮಾಣಿಗೆ ಈಗ ಇಪ್ಪತ್ತೆಂಟು. ಎರಡು ವರ್ಷದ ಹಿಂದೆ ಒಂದು ಮಳೆಯ ರಾತ್ರಿ ಹೆದ್ದಾರಿಯಲ್ಲಿ ಅವನ ಬೈಕು ಲಾರಿಯೊಂದರ ಹಿಂಬದಿಗೆ ಬಡಿಯಿತು. ತಲೆಗೆ ಬಿದ್ದ ಪೆಟ್ಟು ದೊಡ್ಡದು. ಪ್ರಾಣ ಮೊದಲು, ಮುಖ ಆಮೇಲೆ ಎಂಬುದು ಆಸ್ಪತ್ರೆಯ ನ್ಯಾಯ. ಪ್ರಾಣ ಉಳಿಯಿತು, ಆದರೆ ಒಡೆದ ಎಡಗೆನ್ನೆಯ ಎಲುಬು ತಪ್ಪು ಜಾಗದಲ್ಲಿಯೇ ಕೂಡಿಕೊಂಡಿತು. ಕೆನ್ನೆ ಬತ್ತಿದಂತಾಯಿತು, ಕಣ್ಣು ಒಳಕ್ಕೆ ಸರಿದು ಕೊಂಚ ಕೆಳಗಿಳಿಯಿತು, ಮೇಲೆ ನೋಡಿದರೆ ಒಂದು ದೀಪ ಎರಡಾಗಿ ಕಾಣತೊಡಗಿತು. ಹವ್ಯಾಸಿಯಾಗಿ ಯಕ್ಷಗಾನದ ವೇಷ ಕಟ್ಟುತ್ತಿದ್ದ ಹುಡುಗ ಚೌಕಿಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ.

ಆ ರಾತ್ರಿ ಅವನು ನಮ್ಮ ಚಾವಡಿಗೆ ಬಂದು, ಬೈರಾಸಿನಲ್ಲಿ ಸುತ್ತಿ ತಂದಿದ್ದ ವಸ್ತುವೊಂದನ್ನು ಬಿಡಿಸಿ ಮುಂದಿಟ್ಟ. ಅಕ್ಕ “ಅಯ್ಯೋ ದೇವರೆ” ಎಂದು ಹಿಂದೆ ಸರಿದಳು. ಅದು ತಲೆಬುರುಡೆಯ ಮುಂಭಾಗ, ಬೆಳ್ಳಗಿನ ಪ್ಲಾಸ್ಟಿಕ್ಕಿನದು.

“ಹೆದರಬೇಡಿ, ಅಕ್ಕ. ಇದು ನನ್ನದೇ,” ಎಂದು ಅವನು ನಕ್ಕ.

ಆಸ್ಪತ್ರೆಯವರು ಅವನ ತಲೆಯ ಸ್ಕ್ಯಾನ್ ತೆಗೆದು, ಅದರಿಂದ ಯಂತ್ರದಲ್ಲಿ ಅಚ್ಚಿಳಿಸಿದ ಮಾದರಿ ಅದು. ಎಡಗೆನ್ನೆಯ ತಗ್ಗಿನಲ್ಲಿ ಬೇರೆ ಬಣ್ಣದ ತುಂಡೊಂದನ್ನು ಕೂಡಿಸಿದ್ದರು. ಅವನು ಅದನ್ನು ಕಳಚಿ ಗಿಣಿಯ ಅಂಗೈಯಲ್ಲಿಟ್ಟ. “ಇದು ನನ್ನ ಬಲಗೆನ್ನೆಯೇ. ಕನ್ನಡಿಯಲ್ಲಿ ತಿರುಗಿಸಿ ಎಡಕ್ಕೆ ಇಟ್ಟಿದ್ದಾರೆ. ವೇಷದ ಬಣ್ಣ ಬರೆಯುವಾಗ ನಾವು ಮಾಡುವುದೂ ಅದನ್ನೇ ಅಲ್ಲವೆ? ಬಲಕ್ಕೆ ಒಂದು ಗೆರೆ ಎಳೆದರೆ ಎಡಕ್ಕೆ ಅದರ ಜೋಡಿ ಗೆರೆ.”

ವಾಚಕರೆ, ಮುಖವನ್ನು ಅಳೆದು ಕಟ್ಟುವ ಈ ವಿದ್ಯೆ ನಿನ್ನೆ ಮೊನ್ನೆಯದೆಂದು ತಿಳಿಯಬೇಡಿ. ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿಹೋದ ಮೂಗನ್ನು ಮರಳಿ ಕಟ್ಟುವ ಕ್ರಮ ಹೇಳಿದೆ. ವೈದ್ಯನು ಮೊದಲು ಮೂಗಿನ ಅಳತೆಗೆ ಸರಿಯಾಗಿ ಒಂದು ಎಲೆಯನ್ನು ಕತ್ತರಿಸಿಕೊಳ್ಳಬೇಕು. ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನೆತ್ತಿ, ಬುಡ ಕಡಿಯದಂತೆ ತಿರುಗಿಸಿ ಕೂಡಿಸಬೇಕು. ಶಸ್ತ್ರಕ್ಕಿಂತ ಮೊದಲು ಎಲೆ! ಯೋಜನೆ ಎಂದರೆ ಇದೇ.

ಎಲೆಯ ಬದಲು ಮೇಣ ಬಂದ ಕಥೆಗೆ ನಮ್ಮ ಕನ್ನಡ ನಾಡಿನ ನಂಟೂ ಉಂಟು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೌವಸ್ಜಿ ಎಂಬ ಮರಾಠಿಯವನು ಟಿಪ್ಪುವಿನ ಕಡೆಯವರ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿಯ ಸೈನ್ಯವನ್ನು ಸೇರಿಕೊಂಡ. ಸುಮಾರು ಒಂದು ವರ್ಷದ ತರುವಾಯ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ತೆಳುವಾದ ಮೇಣದ ತಗಡನ್ನು ಮೂಗಿನ ಬುಡಕ್ಕೆ ಒತ್ತಿ ಅಂದವಾದ ಮೂಗು ಮಾಡುವುದು. ಬಳಿಕ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಆ ಗೆರೆಯಂತೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಕೂಡಿಸುವುದು. ಇಪ್ಪತ್ತೈದು ದಿನಗಳಾದ ಮೇಲೆ ಆ ಎಳೆಯನ್ನು ಕತ್ತರಿಸುವುದು. ಈ ವೃತ್ತಾಂತ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ವರ್ಷಗಟ್ಟಲೆ ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ಮನುಷ್ಯನ ಮೇಲೆ ಈ ಕ್ರಮವನ್ನು ನಡೆಸಿ, 1816ರಲ್ಲಿ ಪುಸ್ತಕ ಬರೆದ. ಹೀಗೆ ಇಟ್ಟಿಗೆಯವನ ವಿದ್ಯೆ ಯೂರೋಪಿಗೆ ಹಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಮುಖ ಒಡೆದ ಸೈನಿಕರಿಗಾಗಿ ಹೆರಾಲ್ಡ್ ಗಿಲ್ಲಿಸ್ ಎಂಬಾತ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ 1917ರಿಂದ ಶಸ್ತ್ರಚಿಕಿತ್ಸೆ ನಡೆಸಿದ. ಶಸ್ತ್ರಕ್ಕೆ ನಿಲುಕದ ಮುಖಗಳಿಗೆ ಪ್ಯಾರಿಸಿನಲ್ಲಿ ಆನಾ ಕೋಲ್ಮನ್ ಲ್ಯಾಡ್ ಎಂಬ ಶಿಲ್ಪಿ ತೆಳುವಾದ ತಾಮ್ರದ ತಗಡಿನಲ್ಲಿ ಮುಖವಾಡ ಮಾಡಿ, ಚರ್ಮದ ಬಣ್ಣ ಹಚ್ಚಿಕೊಟ್ಟಳು. ನಮ್ಮ ಉಪ್ಪಿನಕುದ್ರುವಿನ ಗೊಂಬೆಯಾಟದ ಮನೆತನದವರು ಮರದಲ್ಲಿ ಮುಖ ಕಡೆಯುವುದನ್ನು ಬಲ್ಲವರಿಗೆ ಈ ಕೆಲಸದ ಬೆಲೆ ತಿಳಿದೀತು. ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ಅರ್ಜುನ ಹೋಗಿ ಇನ್ನಾರೋ ಬಂದು ಕೂರುತ್ತಾನೆ.

ಇಷ್ಟಾದರೂ ಇವರೆಲ್ಲ ಕಂಡದ್ದು ಹೆಚ್ಚಾಗಿ ಮುಖದ ಹೊರಗನ್ನು. ಚರ್ಮದ ಅಡಿಯ ಎಲುಬನ್ನು ಕುಯ್ಯದೆ ಪದರ ಪದರವಾಗಿ ನೋಡಿ ಅಳೆಯುವುದು ಸಾಧ್ಯವಾದದ್ದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನ್ ಯಂತ್ರದಿಂದ. ಅದರಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿದ್ದು 1971ರಲ್ಲಿ. ಅದಕ್ಕಾಗಿ ನೊಬೆಲ್ ಪಾರಿತೋಷಕ ಸಂದದ್ದು 1979ರಲ್ಲಿ. ಕಂಪ್ಯೂಟರಿನಲ್ಲಿ ಕಂಡ ಆಕೃತಿಯನ್ನು ಪದರ ಪದರವಾಗಿ ಅಚ್ಚಿಳಿಸುವ ಯಂತ್ರಕ್ಕೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಹಕ್ಕುಪತ್ರ ಪಡೆದ. ಇವೆರಡೂ ಕೂಡಿದ ಮೇಲೆ ಮನುಷ್ಯ ತನ್ನ ಬುರುಡೆಯನ್ನು ತಾನೇ ಬೈರಾಸಿನಲ್ಲಿ ಸುತ್ತಿಕೊಂಡು ನೆರೆಮನೆಗೆ ಬರುವ ಕಾಲ ಬಂತು.

ಮರುದಿನ ಮಾಣಿ ತನ್ನ ನಕ್ಷೆಗೆ ಒಪ್ಪಿಗೆ ಕೊಡಲು ಆಸ್ಪತ್ರೆಗೆ ಹೋಗಬೇಕಾಗಿತ್ತು. ನಾನೂ ಗಿಣಿಯೂ ಜೊತೆಗೆ ಹೊರಟೆವು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದಂದಿನಿಂದ ನಮ್ಮ ಕರಾವಳಿಯವರಿಗೆ ದೊಡ್ಡ ಚಿಕಿತ್ಸೆಗೆಂದು ಮದರಾಸಿಗೋ ಮುಂಬಯಿಗೋ ಓಡುವ ಕಷ್ಟ ತಗ್ಗಿದೆ. ಸೀಳುತುಟಿ, ತಲೆಬುರುಡೆ ಮತ್ತು ಮುಖದ ಹುಟ್ಟುದೋಷಗಳ ಚಿಕಿತ್ಸೆಗೆ ಮಂಗಳೂರಿನ ಬಳಿಯ ದೇರಳಕಟ್ಟೆಯಲ್ಲಿ ನಿಟ್ಟೆಯವರ ಪ್ರತ್ಯೇಕ ಸಂಸ್ಥೆಯೇ ಇದೆ. ನಾವು ಕಂಡ ಶಸ್ತ್ರವೈದ್ಯರು ಮಧ್ಯವಯಸ್ಸಿನವರು, ಅವಸರವಿಲ್ಲದವರು. ಪರದೆಯ ಮೇಲೆ ಮಾಣಿಯ ಬುರುಡೆಯನ್ನು ತಿರುಗಿಸುತ್ತ ಒಂದೊಂದಾಗಿ ವಿವರಿಸಿದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಸ್ಕ್ಯಾನ್. ಮುಖವನ್ನು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಹಾಳೆಗಳಾಗಿ ಕಂಪ್ಯೂಟರ್ ನೋಡುತ್ತದೆ. ಹಾಳೆ ದಪ್ಪವಾದರೆ ಕಣ್ಣಗುಳಿಯ ತಳದಂತಹ ಕಾಗದದಷ್ಟು ತೆಳುವಾದ ಎಲುಬು ಲೆಕ್ಕಕ್ಕೆ ಸಿಗುವುದಿಲ್ಲ. ಎರಡನೆಯದು ಬೇರ್ಪಡಿಸುವುದು. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ, ಗಟ್ಟಿ ಎಲುಬಿಗೆ ನೂರಾರು ಅಂಕ ಹೆಚ್ಚು. ಹೀಗೆ ಸಾಂದ್ರತೆಯ ಅಂಕಗಳನ್ನು ಹಿಡಿದು ಎಲುಬನ್ನು ಮಾಂಸದಿಂದ ಬಿಡಿಸಿ ತೋರಿಸಬಹುದು. ಮೂರನೆಯದು ಕನ್ನಡಿಯ ಕೆಲಸ. ಪೆಟ್ಟಾಗದ ಬದಿಯನ್ನು ತಿರುಗಿಸಿ ಪೆಟ್ಟಾದ ಬದಿಯ ಮೇಲೆ ಹೊದಿಸಿದರೆ, ನಡುವೆ ಉಳಿಯುವ ತೆರವೇ ಅಚ್ಚಿನ ಆಕಾರ.

“ಆದರೆ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ,” ಎಂದರು ವೈದ್ಯರು. “ಹುಟ್ಟಿನಿಂದ ಎರಡೂ ಬದಿ ಸರಿಸಮನಾದ ಮುಖವನ್ನು ನಾನಿನ್ನೂ ಕಂಡಿಲ್ಲ. ಅದಕ್ಕೇ ಅಪಘಾತಕ್ಕೆ ಮೊದಲಿನ ಫೋಟೋ ತರಲು ಹೇಳಿದ್ದು.”

ಮಾಣಿ ತಂದದ್ದು ಎರಡು ಫೋಟೋ: ಒಂದು ಗುರುತಿನ ಚೀಟಿಯದು, ಇನ್ನೊಂದು ಬಣ್ಣ ಹಚ್ಚುವ ಮೊದಲು ಚೌಕಿಯಲ್ಲಿ ಯಾರೋ ತೆಗೆದದ್ದು. ವೈದ್ಯರು ಎರಡನೆಯದನ್ನು ಬಹಳ ಹೊತ್ತು ನೋಡಿ, ಕೆನ್ನೆಯ ಅಚ್ಚಿನ ಅಂಚನ್ನು ಒಂದಿಷ್ಟು ತಗ್ಗಿಸಲು ಬರೆದುಕೊಂಡರು.

ನಾಲ್ಕನೆಯದು ದಾರಿ. ಅಚ್ಚು ಎಷ್ಟು ಸುಂದರವಾಗಿದ್ದರೂ ಅದನ್ನು ಒಳಗೆ ತೂರಿಸುವ ಬಾಗಿಲು ಸಣ್ಣದು. ಬಾಯಿಯ ಒಳಬದಿ, ಕೆಳರೆಪ್ಪೆಯ ಮರೆ, ಇಲ್ಲವೆ ಗದ್ದದ ಅಡಿ. ದೊಡ್ಡ ಅಚ್ಚಾದರೆ ಎರಡು ತುಂಡು ಮಾಡಿ ಒಳಗೆ ಕೂಡಿಸುತ್ತಾರೆ. ಐದನೆಯದು ನರ. ಕಣ್ಣಿನ ಕೆಳಗೆ ಒಂದು ರಂಧ್ರದಿಂದ ಹೊರಬರುವ ನರ ಕೆನ್ನೆಗೂ ಮೇಲ್ದುಟಿಗೂ ಸ್ಪರ್ಶಜ್ಞಾನ ಕೊಡುತ್ತದೆ. ಕೆಳದವಡೆಯಲ್ಲಿ ಹೊರಬರುವ ಇನ್ನೊಂದು ನರ ಕೆಳದುಟಿಗೂ ಗದ್ದಕ್ಕೂ ಅದನ್ನೇ ಕೊಡುತ್ತದೆ. ಅಚ್ಚಿನ ಅಂಚು ಇವುಗಳ ಮೇಲೆ ಕುಳಿತರೆ ಅನ್ನದ ಅಗುಳು ತುಟಿಗಂಟಿದ್ದೂ ತಿಳಿಯದಂತಾಗಬಹುದು. ಆದ್ದರಿಂದ ನಕ್ಷೆಯಲ್ಲಿಯೇ ಅವಕ್ಕೆ ಎಡೆ ಬಿಡಬೇಕು. ಆರನೆಯದು ತಿರುಪು. ಎಲ್ಲಿ ಎಲುಬು ದಪ್ಪ, ಹಲ್ಲಿನ ಬೇರು ಎಲ್ಲಿದೆ ಎಂದು ನೋಡಿ ಅದರ ಸ್ಥಾನವನ್ನು ಮೊದಲೇ ಗುರುತಿಸುತ್ತಾರೆ.

ಅಚ್ಚಿನ ದ್ರವ್ಯದ ವಿಷಯಕ್ಕೆ ಬಂದರೆ, ಎಲ್ಲಕ್ಕೂ ಒಂದೊಂದು ಗುಣ, ಒಂದೊಂದು ದೋಷ. ಟೈಟಾನಿಯಂ ಲೋಹಕ್ಕೂ ಎಲುಬಿಗೂ ಒಳ್ಳೆಯ ಹೊಂದಾಣಿಕೆ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿ ರೋಗಿಯೊಬ್ಬನ ದವಡೆಯಲ್ಲಿ ಟೈಟಾನಿಯಂ ಬೇರುಗಳನ್ನು ಕೂಡಿಸಿ ಅದನ್ನು ತೋರಿಸಿಕೊಟ್ಟ. ‘ಪೀಕ್’ ಎಂಬ ಗಟ್ಟಿ ಪ್ಲಾಸ್ಟಿಕ್ ಹಗುರ. ಅದರ ಬಾಗುವ ಗುಣ ಲೋಹಕ್ಕಿಂತ ಎಲುಬಿಗೆ ಹತ್ತಿರ. ಸಿಲಿಕೋನಿನ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಬೇಡವೆನಿಸಿದರೆ ತೆಗೆಯುವುದು ಸುಲಭ, ಆದರೆ ಜಾರುವ ಭಯ ಉಂಟು. ಗದ್ದದಲ್ಲಿ ವರ್ಷಾಂತರದಲ್ಲಿ ಅಡಿಯ ಎಲುಬು ಸವೆಯುವುದೂ ಉಂಟು. ಸೂಕ್ಷ್ಮ ರಂಧ್ರಗಳ ಪಾಲಿಎಥಿಲೀನಿನೊಳಕ್ಕೆ ನಮ್ಮ ಮಾಂಸವೇ ಬೆಳೆದು ಭದ್ರವಾಗುತ್ತದೆ. ಭದ್ರವಾದ ಕಾರಣವೇ ತೆಗೆಯಬೇಕಾಗಿ ಬಂದಾಗ ಕಷ್ಟ. ಇವಾವುದೂ ಬೇಡವೆಂದರೆ ನಮ್ಮದೇ ಸೊಂಟದ ಎಲುಬು, ಪಕ್ಕೆಲುಬಿನ ಮೃದ್ವಸ್ಥಿ ಉಂಟು. ದೇಹ ಅದನ್ನು ಪರಕೀಯವೆನ್ನದು, ಆದರೆ ಕೊಂಚ ಕರಗಬಹುದು, ಮತ್ತು ಗಾಯ ಎರಡು ಕಡೆ ಆಗುತ್ತದೆ. ಹೊರಗಿನ ವಸ್ತು ಯಾವುದಾದರೂ ಸೋಂಕು ತಗುಲಿದರೆ ಅನೇಕ ವೇಳೆ ತೆಗೆದುಹಾಕುವುದೇ ದಾರಿ.

ಇಷ್ಟು ಹೊತ್ತೂ ಗಿಣಿ ಒಂದು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದಳು. ಮಾಣಿಯ ಕೆಲಸ ಮುಗಿದ ಮೇಲೆ ತನ್ನ ಮೊಬೈಲನ್ನು ವೈದ್ಯರ ಮುಂದೆ ಇಟ್ಟಳು. ಅವರು ಆ ‘ಆಗಲಿರುವ ಮುಖ’ವನ್ನು ಅರೆಕ್ಷಣ ನೋಡಿ ಪಕ್ಕಕ್ಕೆ ಸರಿಸಿದರು.

“ಇದು ಚಿತ್ರ, ನಕ್ಷೆಯಲ್ಲ. ಎಲುಬು ಎಷ್ಟು ಮುಂದೆ ಬರುತ್ತದೆಯೋ ಚರ್ಮವೂ ಅಷ್ಟೇ ಬರುತ್ತದೆಂದು ಲೆಕ್ಕವಿಲ್ಲ. ಅದಿರಲಿ, ಮುಖವನ್ನು ನೀವು ಹೆಚ್ಚಾಗಿ ಎಲ್ಲಿ ನೋಡಿಕೊಳ್ಳುತ್ತೀರಿ? ಕನ್ನಡಿಯಲ್ಲೋ, ಇದರಲ್ಲೋ?”

“ಇದರಲ್ಲೇ,” ಎಂದಳು.

ಆಗ ವೈದ್ಯರು ಹೇಳಿದ ಒಂದು ಸಂಗತಿಯನ್ನು ಮನೆಮನೆಯಲ್ಲೂ ಮಕ್ಕಳಿಗೆ ಹೇಳಬೇಕು. ಕೈಯಲ್ಲಿ ಮೊಬೈಲು ಹಿಡಿದು ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ, ಐದಡಿ ದೂರದಿಂದ ತೆಗೆದ ಚಿತ್ರಕ್ಕಿಂತ, ಮೂಗು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ತಪ್ಪು ಮುಖದ್ದಲ್ಲ, ದೂರದ್ದು! ಇಂತಹ ಚಿತ್ರವನ್ನು ನಂಬಿ ಶಸ್ತ್ರಕ್ಕೆ ಒಡ್ಡಿಕೊಳ್ಳುವುದೆಂದರೆ ವಕ್ರವಾದ ಅಳತೆಗೋಲಿನಿಂದ ಮನೆಗೆ ಪಾಯ ತೆಗೆದಂತೆ.

ಬಳಿಕ ಅವರು ಗಿಣಿಗೆ ಹಲ್ಲು ಕಚ್ಚಲು ಹೇಳಿದರು. ಬದಿಯಿಂದ ನೋಡಿದರು. ಮಲಗಿದಾಗ ಗೊರಕೆ ಉಂಟೆ, ಬೆಳಗ್ಗೆ ಎದ್ದಾಗ ತಲೆಭಾರವೆ ಎಂದು ಕೇಳಿದರು. ಎರಡಕ್ಕೂ ಹೌದೆಂಬ ಉತ್ತರ ಬಂತು. ಹೆತ್ತ ತಾಯಿಗೂ ನನಗೂ ಗೊತ್ತಿಲ್ಲದ ಸಂಗತಿ!

“ನಿಮ್ಮಲ್ಲಿ ಕಡಿಮೆಯಾದದ್ದು ಗದ್ದವಲ್ಲ, ಕೆಳದವಡೆಯೇ ಹಿಂದೆ ನಿಂತಿದೆ. ಕೆಳಹಲ್ಲುಗಳು ಮೇಲುಹಲ್ಲುಗಳಿಂದ ಎಷ್ಟು ಹಿಂದಿವೆ ನೋಡಿ. ಇದರ ಮುಂದೆ ಅಚ್ಚೊಂದನ್ನು ಇಟ್ಟರೆ ಬದಿಯ ನೋಟ ಸರಿಹೋದೀತು. ಹಲ್ಲಿನ ಜೋಡಣೆಯೂ ಉಸಿರಿನ ದಾರಿಯೂ ಇದ್ದ ಹಾಗೆಯೇ ಇರುತ್ತವೆ. ಒಡಕು ಗೋಡೆಗೆ ಸುಣ್ಣ ಹೊಡೆದ ಹಾಗೆ.”

ಅವರು ಅವಳ ಮುಂದೆ ನಾಲ್ಕು ದಾರಿಗಳನ್ನಿಟ್ಟರು. ಹಲ್ಲಿಗೆ ತಂತಿ ಕಟ್ಟಿಸಿ, ಬಳಿಕ ದವಡೆಯನ್ನೇ ಕುಯ್ದು ಮುಂದೆ ತರುವುದು; ಒಂದೂವರೆ ಎರಡು ವರ್ಷದ ಕೆಲಸ, ದೊಡ್ಡ ಶಸ್ತ್ರಚಿಕಿತ್ಸೆ. ಗದ್ದದ ಎಲುಬಿನ ತುದಿಯನ್ನು ಮಾತ್ರ ಕತ್ತರಿಸಿ ಮುಂದೆ ಸರಿಸುವುದು. ಅಚ್ಚು ಇಡುವುದು. ನಾಲ್ಕನೆಯದು, ಮುಖಕ್ಕೆ ಏನೂ ಮಾಡದೆ ಗೊರಕೆಯ ಪರೀಕ್ಷೆ ಮಾತ್ರ ಮಾಡಿಸುವುದು. “ನಾಲ್ಕನೆಯದೂ ಚಿಕಿತ್ಸೆಯೇ. ಅದನ್ನು ಪಟ್ಟಿಯಿಂದ ಬಿಡುವ ವೈದ್ಯರನ್ನು ನಂಬಬೇಡಿ,” ಎಂದರು.

ಕೊನೆಗೆ ಅವರು ಕೇಳಿದ ಪ್ರಶ್ನೆ ತೀರ ಸಣ್ಣದು. “ಈ ಗದ್ದದ ಚಿಂತೆ ನಿಮಗೆ ಎಂದಿನಿಂದ?”

ಗಿಣಿ ನನ್ನ ಕಡೆ ನೋಡಲಿಲ್ಲ. “ಐದು ವರ್ಷದವಳಿದ್ದಾಗಿನಿಂದ. ಮನೆಯಲ್ಲಿ ನನಗೆ ಗಿಣಿ ಎಂದು ಹೆಸರಿಟ್ಟರು. ಒಂದನೆಯ ತರಗತಿಯಲ್ಲಿ ಒಬ್ಬ ಹುಡುಗ ಏಕೆಂದು ಬಿಡಿಸಿ ಹೇಳಿದ. ಮುಂದೆ ಮೂಗು, ಕೆಳಗೆ ಏನೂ ಇಲ್ಲ ಎಂದು.”

ವಾಚಕರೆ, ಆ ಹೆಸರನ್ನಿಟ್ಟವನು ನಾನು.

ಅಕ್ಕನ ಮನೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ, ಅವಳು ಬಾಗಿಲಿಗೊರಗಿ ಹೊರಗೆ ನೋಡುತ್ತಿದ್ದಾಗ, ಬದಿಯಿಂದ ಕಂಡ ಆ ಪುಟ್ಟ ಮುಖಕ್ಕೆ ನಾನು ಪ್ರೀತಿಯಿಂದಲೇ ‘ಗಿಣಿ’ ಎಂದೆ. ಎಲ್ಲರೂ ನಕ್ಕರು, ಹೆಸರು ನಿಂತಿತು. ಪ್ರೀತಿಯಿಂದ ಆಡಿದ ಮಾತು ಎಂಬುದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿಯ ಮಾತು ಇಪ್ಪತ್ತೊಂದು ವರ್ಷ ಅವಳ ಕನ್ನಡಿಯೊಳಗೆ ಕುಳಿತಿತ್ತು ಎಂಬುದರಲ್ಲಿಯೂ ಸುಳ್ಳಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ‘ಕರಿಯ’ರು, ‘ಗುಂಡಮ್ಮ’ರು, ‘ಹಲ್ಲುಬ್ಬಿ’ಯರು ಇಲ್ಲ! ಹೆಸರಿಟ್ಟವರು ಮರೆಯುತ್ತಾರೆ, ಹೊತ್ತವರು ಹೊತ್ತೇ ಇರುತ್ತಾರೆ.

ಇಲ್ಲದ ಊನವನ್ನು, ಇಲ್ಲವೆ ಎಳ್ಳಷ್ಟಿರುವ ಊನವನ್ನು ಬೆಟ್ಟವಾಗಿ ಕಂಡು ಹಗಲಿರುಳು ಕೊರಗುವ ಮನೋವ್ಯಾಧಿಯೊಂದುಂಟು. ಇಟಲಿಯ ವೈದ್ಯ ಮೊರ್ಸೆಲ್ಲಿ 1891ರಲ್ಲಿಯೇ ಅದಕ್ಕೆ ಹೆಸರಿಟ್ಟಿದ್ದಾನೆ. ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ಸಿಗುವುದು ಅಪರೂಪ. ಗದ್ದ ಸರಿಹೋದರೆ ಚಿಂತೆ ಮೂಗಿಗೆ ಏರುತ್ತದೆ. ಗಿಣಿಯದು ಆ ವ್ಯಾಧಿಯಲ್ಲ. ಅವಳ ದವಡೆ ನಿಜವಾಗಿಯೂ ಹಿಂದಿದೆ. ಆದರೂ ಒಳ್ಳೆಯ ವೈದ್ಯರು ಎಲುಬನ್ನು ಅಳೆಯುವ ಮೊದಲು ಈ ಪ್ರಶ್ನೆಯನ್ನು ಕೇಳುತ್ತಾರೆ.

ಮನೆಯಲ್ಲಿ ಇಂತಹ ಪ್ರಸಂಗ ಬಂದ ವಾಚಕರಿಗಾಗಿ ಕೆಲವು ಮಾತು. ಗದರಿಸಬೇಡಿ, ಗದರಿಸಿದರೆ ಮಕ್ಕಳು ಹೇಳದೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆಯ ಎಳೆಯ ನಟಿಯೊಬ್ಬಳು ತೀರಿಕೊಂಡಾಗ, ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಪತ್ರಿಕೆಗಳು ಬರೆದವು. ಜೊತೆಯಲ್ಲಿ ಹೋಗಿ. ಶಸ್ತ್ರ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿಯವರೋ, ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಆದವರೋ ಎಂದು ಕೇಳಿ. ಕೇಳಿದರೆ ಯಾರೂ ಬೇಸರಿಸಬಾರದು, ಬೇಸರಿಸಿದರೆ ಅದೇ ಉತ್ತರ. ಅರಿವಳಿಕೆ ಕೊಡುವವರು ಯಾರು, ಉಸಿರು ಕಟ್ಟಿದರೆ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೆ ಎಂದು ಕೇಳಿ. ಅಚ್ಚಿನ ದ್ರವ್ಯ ಯಾವುದು, ತಯಾರಕರು ಯಾರು, ಅವರಿಗೆ ಪರವಾನಿಗೆ ಉಂಟೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಇರುವುದು ಇದಕ್ಕಾಗಿಯೇ. ನಕ್ಷೆಯ ಪ್ರತಿ ನಿಮ್ಮ ಬಳಿಯೂ ಇರಲಿ; ಹತ್ತು ವರ್ಷದ ಮೇಲೆ ತೆಗೆಯಬೇಕಾದರೆ ಅಂದಿನ ವೈದ್ಯರಿಗೆ ಅದು ಬೇಕಾಗುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಇದು ಸಲ್ಲದು; ದವಡೆಯ ಬೆಳವಣಿಗೆ ಮುಗಿದಿರಬೇಕು. ಬೀಡಿ ಸಿಗರೇಟಿನವರಿಗೂ ಹತೋಟಿಯಿಲ್ಲದ ಮಧುಮೇಹದವರಿಗೂ ಗಾಯ ಮಾಯುವುದು ನಿಧಾನ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳಿಂದ ಕೆಟ್ಟ ಮುಖದ ಪುನರ್ನಿರ್ಮಾಣಕ್ಕೆ ಆರೋಗ್ಯ ವಿಮೆಯ ನೆರವು ಸಿಗಬಹುದು. ಕೇವಲ ಅಂದಕ್ಕಾಗಿ ಮಾಡಿಸುವುದಕ್ಕೆ ಸಿಗದು. ಮತ್ತೆ, ಮದುವೆಯ ದಿನಕ್ಕೆ ಒಂದು ತಿಂಗಳಿರುವಾಗ ಇದಕ್ಕೆ ಕೈ ಹಾಕಲೇಬೇಡಿ. ಹೆಚ್ಚಿನ ಬಾವು ಎರಡು ಮೂರು ವಾರದಲ್ಲಿ ಇಳಿದರೂ ಮುಖ ನೆಲೆಗೆ ಬರಲು ತಿಂಗಳುಗಳೇ ಬೇಕು.

ಮಾಣಿಯ ಶಸ್ತ್ರಚಿಕಿತ್ಸೆ ಆಗಿ ಈಗ ಎಂಟು ತಿಂಗಳು. ಕಣ್ಣು ಮೇಲೆದ್ದಿದೆ, ಕೆನ್ನೆ ತುಂಬಿದೆ. ತೀರ ಮೇಲಕ್ಕೆ ನೋಡಿದಾಗ ಇನ್ನೂ ಎರಡು ಚಂದ್ರ ಕಾಣುತ್ತವೆಯಂತೆ. ಅಷ್ಟನ್ನು ವೈದ್ಯರು ಮೊದಲೇ ಹೇಳಿದ್ದರು. ಎಡದ ಮೇಲ್ದುಟಿಯಲ್ಲಿ ಕೊಂಚ ಜೋಮು ಉಳಿದಿದೆ. ಕಳೆದ ತಿಂಗಳು ಊರ ಬಯಲಿನಲ್ಲಿ ಅವನು ಮತ್ತೆ ವೇಷ ಕಟ್ಟಿದ. ಪ್ರಸಂಗ ಪಂಚವಟಿ, ಅವನದು ಲಕ್ಷ್ಮಣ. ಶೂರ್ಪನಖಿಯ ಮೂಗು ಕುಯ್ಯುವ ಪಾತ್ರವೇ ನಿನಗೆ ಬೇಕಿತ್ತೆ ಎಂದು ನಾನು ಕೇಳಿದರೆ, “ಕುಯ್ಯುವುದು ಸುಲಭ, ಮಾವಯ್ಯ, ಕಟ್ಟುವುದೇ ಕಷ್ಟ,” ಎಂದ.

ಅಕ್ಕನ ಮಗಳು ಅಚ್ಚಿನ ಯೋಚನೆಯನ್ನು ಬಿಟ್ಟಳು. ಗೊರಕೆಯ ಪರೀಕ್ಷೆ ಮಾಡಿಸಿಕೊಂಡಳು. ನಿದ್ರೆಯಲ್ಲಿ ಉಸಿರು ತಡೆಯುವುದು ನಿಜವೆಂದು ತಿಳಿಯಿತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಾಳೆ. ದವಡೆಯ ಶಸ್ತ್ರಚಿಕಿತ್ಸೆಯ ವಿಚಾರವನ್ನು ಮುಂದಿನ ವರ್ಷ ತೀರ್ಮಾನಿಸುತ್ತಾಳಂತೆ. ಮಾಡಿಸಿಕೊಂಡರೂ ಸರಿ, ಬಿಟ್ಟರೂ ಸರಿ, ಅದು ಅವಳದೇ ತೀರ್ಮಾನ. ಮದುವೆ ನಿಶ್ಚಯವಾಗಿದೆ. ಮದುವೆಯ ಫೋಟೋಗಳಲ್ಲಿ ತಂತಿ ಕಾಣುತ್ತದೆಂದು ಅಕ್ಕನ ಹೊಸ ದೂರು. ವರ ಮಾತ್ರ, “ನನಗೂ ಚಿಕ್ಕಂದಿನಲ್ಲಿ ಕಟ್ಟಿಸಿದ್ದರು,” ಎಂದು ನಕ್ಕನಂತೆ.

ಮೊನ್ನ ಅವಳಿಗೆ ಫೋನು ಮಾಡಿದಾಗ ಅಭ್ಯಾಸಬಲದಿಂದ ಹಳೆಯ ಹೆಸರು ನಾಲಗೆಯ ತುದಿಗೆ ಬಂತು. ತಡೆದು, ನಾಮಕರಣದ ದಿನ ಇಟ್ಟ ಹೆಸರಿನಿಂದ ಕರೆದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ.

“ಪರವಾಗಿಲ್ಲ, ಮಾವ, ಹಳೆಯದೇ ಇರಲಿ,” ಎಂದಳು.

ಇರಲಿ ಎಂದದ್ದು ಅವಳ ದೊಡ್ಡತನ. ನಾನು ಮಾತ್ರ ಹೊಸ ರೂಢಿಯನ್ನೇ ಹಿಡಿದಿದ್ದೇನೆ. ಎಲುಬಿನ ಅಳತೆಗೆ ಯಂತ್ರಗಳು ಬಂದಿವೆ, ವಾಚಕರೆ. ಮಾತಿನ ಅಳತೆಯನ್ನು ಇನ್ನೂ ನಾವೇ ನೋಡಿಕೊಳ್ಳಬೇಕು.